ಹದಿನೇಳು

ಮಳೆ ಎರಡು ದಿನ ಬಿಡುವು ಕೊಟ್ಟಿತ್ತು.
ಅದಕ್ಕೇ ಕಾದಿದ್ದಂತೆ ಬಂದರಿನ ಕಲ್ಲಿದ್ದಲ ಧೂಳು
ವಾಸ್ಕೋದ ಕಿಟಕಿಕಿಟಕಿಗೂ ಬಂದು ಕೂತಿತು,
ನನ್ನ ಮೇಜಿಗೂ,
ರಾತ್ರಿಯಿಡೀ ತೆರೆದೇ ಬಿಟ್ಟ ಉತ್ತರಪತ್ರಿಕೆಗಳಿಗೂ.

ಕಲನಕ್ಕೆ ಕಾಲಿಡುವ ಮುನ್ನ ಒಂದು ಪರೀಕ್ಷೆ;
ಹೋದ ವರ್ಷ ಅರ್ಧ ಕ್ಲಾಸು ಮುಳುಗಿದ ಮೇಲೆ
ಫುರ್ಟಾಡೊ ಸರ್ ತಂದ ಪದ್ಧತಿ.
ಮೂವತ್ತು ಪ್ರಶ್ನೆ, ಪೆನ್ಸಿಲ್ಲು, ಒಂದು ತಾಸು.
ಭಿನ್ನರಾಶಿ, ಲಾಗರಿದಮ್ಮು, ಗೋಡೆಗೊರಗಿದ ಏಣಿ,
ಏಣಿಯ ಬುಡ ಎಷ್ಟು ದೂರ, ಕೋನ ಎಷ್ಟು.
ಹದಿನೆಂಟು ಬಂದವರು ಹನ್ನೊಂದರ ಬ್ಯಾಚಿಗೆ, ನೇರ ಕಲನಕ್ಕೆ.
ಬಾರದವರು ಬೆಳಿಗ್ಗೆ ಏಳೂವರೆಗೆ,
ಭಿನ್ನರಾಶಿಯಿಂದ ಮತ್ತೆ, ಆರು ತಿಂಗಳು.
ಯಾರನ್ನೂ ಫೇಲು ಮಾಡುವುದಿಲ್ಲ, ಅಂದರು ಸರ್,
ಅವರವರನ್ನು ಅವರವರ ಜಾಗದಲ್ಲಿ ಕೂರಿಸುತ್ತೇವೆ, ಅಷ್ಟೆ.
ಜಾಗ ತೋರಿಸುವುದು ನಮ್ಮ ಕಡೆ ಬಹಳ ಹಳೆಯ ವಿದ್ಯೆ;
ಪ್ರಶ್ನೆಪತ್ರಿಕೆ ಬೇಕಾಗುತ್ತಿರಲಿಲ್ಲ.

ಅರವತ್ತೆರಡನೆಯ ಪತ್ರಿಕೆ. ಶಾಂತಲಾ ಬಡಿಗೇರ. ಹದಿನೇಳು.
ಅಯ್ಯೋ, ಒಂದೇ ಒಂದು, ಎಂದುಕೊಂಡು
ಧೂಳು ಒರೆಸಲು ಅಂಗೈ ಎಳೆದೆ.
ಹಾಳೆ ಕಪ್ಪಾಯಿತು.
ಕಪ್ಪಿನ ನಡುವೆ ಬೆಳ್ಳಗೆ,
ರಬ್ಬರು ತಿಂದರೂ ಹೋಗದ ಒತ್ತು ಎದ್ದು ಬಂತು:
ಏಣಿಯ ಲೆಕ್ಕ ಮೂರೇ ಸಾಲಿನಲ್ಲಿ,
ನಾನಾದರೆ ಐದು ತೆಗೆದುಕೊಳ್ಳುತ್ತಿದ್ದೆ;
ಅದರ ಮೇಲೆ, ದುಂಡಗಿನ ಅಕ್ಷರದಲ್ಲಿ, ಒಂದು ಸುಳ್ಳು.
ಎಣಿಸಿದೆ. ಹದಿಮೂರು ಕಡೆ ಹೀಗೆ.
ಬೇಕಾದಷ್ಟೇ ಅಳಿಸಿದ್ದಳು, ಒಂದೂ ಹೆಚ್ಚಿಲ್ಲ,
ಉಪ್ಪು ನೋಡಿ ಹಾಕುವವರ ಹಾಗೆ.

ಸರಿಯಾಗಿ ಒಂದೇ ಅಂಕಕ್ಕೆ ಸೋಲಬೇಕಾದರೆ
ಮೂವತ್ತೂ ಬರಬೇಕು.

ಕರೆಸಿದೆ. ನನ್ನ ಧಾರವಾಡದ ಮಾತು ಕಿವಿಗೆ ಬಿದ್ದದ್ದೇ
ಅವಳು ಇಂಗ್ಲಿಷನ್ನು ಚಪ್ಪಲಿಯಂತೆ ಹೊರಗೆ ಬಿಟ್ಟಳು.
"ಹನ್ನೊಂದಕ್ಕ ಔಷಧದಂಗಡಿ ಶಟರ್ ಎತ್ತಬೇಕ್ರಿ ಮೇಡಂ.
ಏಳೂವರಿ ಕ್ಲಾಸ್ ಸಿಕ್ಕರ ಎರಡೂ ಆಗ್ತಾವು.
ಫೀ ನಾನ ಕಟ್ಟೋದು."
ಆರು ತಿಂಗಳು ಹೋಗ್ತದಲ್ಲೇ, ಅಂದೆ.
"ಹೋಗಲಿ ಬಿಡ್ರಿ. ಕೆಲಸ ಹೋದ್ರ ವರ್ಷಾನ ಹೋಗ್ತೈತಿ."
ಅಳಲಿಲ್ಲ, ಕ್ಷಮೆ ಕೇಳಲಿಲ್ಲ.
ಮೇಜಿನ ಧೂಳಿನ ಮೇಲೆ ಬೆರಳಿಂದ ಏನೋ ಗೀಚಿದಳು,
ಗೀಚಿದ್ದು ತಾನೇ ನೋಡಿ ಒರೆಸಿದಳು.

ಫುರ್ಟಾಡೊ ಸರ್ ಹತ್ತಿರ ಹೋದೆ. ವೇಳಾಪಟ್ಟಿ
ಬದಲಿಸಬಹುದೇ, ಕಲನವನ್ನು ಬೆಳಿಗ್ಗೆಗೆ ತರಬಹುದೇ?
ಅವರು ಕನ್ನಡಕ ತೆಗೆದು ಒರೆಸಿಕೊಂಡರು.
ಪತ್ರಿಕೆ ಏನು ಹೇಳುತ್ತದೆ?
ಹದಿನೇಳು, ಸರ್.
ಮತ್ತೇನು.

ಆಗಸ್ಟು ಬಂತು. ಎರಡೂ ಬ್ಯಾಚಿಗೆ ಕೋಣೆ ಒಂದೇ.
ಹನ್ನೊಂದರ ಪಾಠ ಮುಗಿದ ಮೇಲೆ
ನಾನೀಗ ಬೋರ್ಡು ಅಳಿಸುವುದಿಲ್ಲ.
ಡಸ್ಟರು ನನ್ನ ಚೀಲದಲ್ಲೇ ಮನೆಗೆ ಬರುತ್ತದೆ,
ಪ್ಯೂನ್ ಕಾಯ್ತಾನ್ ಗೊಣಗುತ್ತಾನೆ.
ಬೆಳಿಗ್ಗೆ ಎಡತುದಿಗೆ ಒಂದು ಮೊಳ ಖಾಲಿ ಹುಡುಕಿ
ಎರಡರಲ್ಲೊಂದು, ಮೂರರಲ್ಲೊಂದು,
ಕೂಡಿದರೆ ಎಷ್ಟು, ಹೇಳಿ, ಎನ್ನುತ್ತೇನೆ.
ಆಕಳಿಕೆಗಳ ನಡುವೆ ಯಾರೋ ಐದರಲ್ಲೆರಡು ಎನ್ನುತ್ತಾರೆ.
ಮೂರನೆಯ ಬೆಂಚಿನ ಕಣ್ಣು ಮಾತ್ರ ಬಲಗಡೆ,
ನಿನ್ನೆಯ ಅವಕಲನದ ಮೇಲೆ.
ಪೆನ್ಸಿಲ್ಲು ಓಡುತ್ತಿರುತ್ತದೆ.
ಈ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ.

ಮೊನ್ನೆ ಮಾತ್ರ, ಎಲ್ಲರೂ ಹೋದ ಮೇಲೆ,
ಬಾಗಿಲಲ್ಲಿ ತಿರುಗಿ, ಛತ್ರಿ ಬಿಡಿಸುತ್ತ:
"ನಾಕನೇ ಸಾಲಿನಾಗ ಮೈನಸ್ ಬಿಟ್ಟೀರಿ, ಮೇಡಂ."

ನೋಡಿದೆ. ಬಿಟ್ಟಿದ್ದೆ.
ಹಿಂದಿನ ದಿನ ಹನ್ನೊಂದಕ್ಕೆ ಅರವತ್ತು ಜನ
ಅದನ್ನು ಹಾಗೇ ಬರೆದುಕೊಂಡು ಹೋಗಿದ್ದರು.